ಲಂಡನ್ನಿಗೆ ಹೋದ ಮೊಗ್ಗಿನ ಜಡೆ

ಆಗ ನನಗೆ ಐವತ್ತಾರು. ಇಪ್ಪತ್ತು ವರ್ಷದ ಹಿಂದಿನ ಮಾತು. ಹಲಸೂರಿನ ದೇವಸ್ಥಾನದ ಎದುರು ಹೂ ಮಾರುತ್ತಿದ್ದೆ. ಮೊಗ್ಗಿನ ಜಡೆ ಬೇಕೆಂದರೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಸುರಿಗಾಗಲಿ ಮದುಮಗಳಿಗಾಗಲಿ, ಆರತಿ ಮುಗಿಯುವ ತನಕ ನನ್ನ ಜಡೆಯಲ್ಲಿ ಒಂದು ಮೊಗ್ಗೂ ಬಾಯಿ ಬಿಟ್ಟದ್ದಿಲ್ಲ. ಓದುಬರಹ ಅಷ್ಟಕ್ಕಷ್ಟೆ, ನನ್ನ ಹೆಸರು ನಿಂತಿದ್ದದ್ದೇ ಆ ಜಡೆಯ ಮೇಲೆ.

ಇಂದಿರಾನಗರದ ಒಂದು ಮನೆಗೆ ದಿನಾ ಪೂಜೆಗೆ ಹೂ ಕೊಡುತ್ತಿದ್ದೆ. ಆ ಮನೆಯಮ್ಮನ ತಂಗಿಯ ಮಗಳಿಗೆ ಲಂಡನ್ನಿನಲ್ಲಿ ಸೀಮಂತ. ಅಮ್ಮ ಇಲ್ಲಿಂದ ವಿಮಾನದಲ್ಲಿ ಜಡೆ ಒಯ್ದು, ಇಳಿದ ಕೂಡಲೇ ಮುಡಿಸುವುದಂತೆ.

"ಎಷ್ಟು ದೂರ?" ಎಂದೆ.

ಅಮ್ಮ ಒಳಗೆ ಪೆಟ್ಟಿಗೆ ತುಂಬುತ್ತಿದ್ದರು. ಯಜಮಾನರು ಪೇಪರಿನಿಂದ ತಲೆ ಎತ್ತಿ, "ಐದು ಸಾವಿರ ಮೈಲಿ!" ಎಂದರು, ತಾವೇ ಅಳೆದು ಬಂದವರ ಹಾಗೆ.

"ಮೈಲಿ ಕಟ್ಕೊಂಡು ಮೊಗ್ಗಿಗೇನಾಗ್ಬೇಕು ಸ್ವಾಮಿ? ಗಂಟೆ ಹೇಳಿ."

"ಇಲ್ಲಿ ಬೆಳಿಗ್ಗೆ ಏಳಕ್ಕೆ ಹೊರಟ್ರೆ ಅಲ್ಲಿ ಮಧ್ಯಾಹ್ನ ಒಂದಕ್ಕೆ ಇಳೀತಾಳೆ."

ಬೆರಳು ಮಡಿಚಿದೆ. "ಆರೇನಾ?"

"ಆರೇ."

ದೂರದ ದಾರಿಗಾದರೆ ಸಣ್ಣ ಹಸಿರು ಮೊಗ್ಗು ಆರಿಸಬೇಕು. ಅಂದವಿಲ್ಲ, ಆದರೆ ತಡೆಯುತ್ತದೆ. ಆರು ಗಂಟೆಗೇನು ಭಯ ಎಂದು ದಪ್ಪ ಬಿಳಿ ಮೊಗ್ಗನ್ನೇ ಪೋಣಿಸಿ, ಬಾಳೆಯೆಲೆಯಲ್ಲಿ ಸುತ್ತಿ, ಹೊರಡುವ ನಸುಕಿಗೇ ಕೊಟ್ಟೆ.

ಅಮ್ಮ ಹೊರಟ ದಿನ, ಪಕ್ಕದಲ್ಲಿ ಕೂರುವ ನಿಂಬೆಹಣ್ಣಿನವಳ ಹತ್ತಿರ, ನನ್ನ ಜಡೆ ಆರೇ ಗಂಟೆಯಲ್ಲಿ, ಮಧ್ಯಾಹ್ನ ಒಂದಕ್ಕೆಲ್ಲ ಲಂಡನ್ ಸೇರುತ್ತೆ ಎಂದು ಜಂಬ ಕೊಚ್ಚಿಕೊಂಡೆ. ಅವಳ ಗಂಡ ದುಬೈಯಲ್ಲಿ ಟೈಲರ್.

"ಅಯ್ಯೋ ಅಕ್ಕಾ, ಆ ಕಡೆಯೆಲ್ಲಾ ಗಡಿಯಾರ ಹಿಂದೆ ಇರುತ್ತೆ. ಲಂಡನ್ನಲ್ಲಿ ಒಂದು ಹೊಡ್ಯೋವಾಗ ನಮಗೆ ಸಂಜೆ ಆಗಿರುತ್ತೆ!"

"ಗಡಿಯಾರ ಹಿಂದಿದ್ರೆ ಮೊಗ್ಗೂ ಹಿಂದೇ ಇರುತ್ತೆ ಬಿಡೇ."

"ಮೊಗ್ಗೇನು ವಾಚು ಕಟ್ಕೊಂಡಿದ್ಯಾ?"

ಜಡೆಗೆ ಆರಿಸಿ ಉಳಿದ ಮೊಗ್ಗು ಬುಟ್ಟಿಯಲ್ಲೇ ಇತ್ತು. ಸಂಜೆ ಅದು ಒಂದೊಂದಾಗಿ ಬಿರಿಯುವುದನ್ನು ನೋಡುತ್ತಾ ಕೂತೆ. ಪಕ್ಕದವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮಾರನೆಯ ದಿನ ಯಜಮಾನರೇ ನನ್ನನ್ನು ಹುಡುಕಿಕೊಂಡು ಬಂದರು. ಲಂಡನ್ನಿನಿಂದ ಫೋನು ಬಂದಿತ್ತಂತೆ. ಎಲೆ ಬಿಚ್ಚಿದರೆ ಒಂದು ಮೊಗ್ಗೂ ಮೊಗ್ಗಾಗಿ ಉಳಿದಿರಲಿಲ್ಲವಂತೆ. ಬಸುರಿಯ ಬೆನ್ನಿಗೆ ಹೂಕೋಸು ನೇತುಹಾಕಿದ ಹಾಗಿತ್ತಂತೆ.

"ಗಂಟೆ ಹೇಳಿದ್ದು ನಾನು ಅಂತ ಅವಳಿಗೆ ಗೊತ್ತಿಲ್ಲ ಕಣಮ್ಮಾ," ಎಂದು ದನಿ ತಗ್ಗಿಸಿದರು. "ನಾಳೆ ಬೆಳಿಗ್ಗೆ ಮತ್ತೆ ಫೋನ್ ಮಾಡ್ತಾಳೆ. ಮೊಗ್ಗೇ ಸರಿ ಇರ್ಲಿಲ್ಲ ಅಂದ್ಬಿಡು. ನಿಂಗೇನು, ಒಂದು ಮಾತು."

"ಆಮೇಲೆ ನನ್ನ ಹತ್ರ ಜಡೆ ಯಾರು ಕಟ್ಟಿಸ್ತಾರೆ ಸ್ವಾಮಿ?"

"ಅವಳ ಬಾಯಿ ನಿಂಗೆ ಗೊತ್ತಿಲ್ವಾ?"

"ಗೊತ್ತು. ಇಡೀ ಇಂದಿರಾನಗರಕ್ಕೆ ಕೇಳ್ಸುತ್ತೆ. ಅದಕ್ಕೇ ಆಗಲ್ಲ ಅಂತಿರೋದು."

ಮರುದಿನ ಬೆಳಿಗ್ಗೆ ಹೂ ಕೊಡಲು ಹೋದಾಗ ಫೋನು ಹೊಡೆದುಕೊಳ್ಳುತ್ತಿತ್ತು. ಅಲ್ಲಿ ಆಗ ನಡುರಾತ್ರಿ. ಬಯ್ಯುವುದಕ್ಕೆಂದೇ ಅಮ್ಮ ಎದ್ದು ಕೂತಿದ್ದರು. ಯಜಮಾನರು ಕೈಮುಗಿದು ರಿಸೀವರನ್ನು ನನಗೆ ಕೊಟ್ಟರು. "ಆರೇ ಗಂಟೆ ಅಂದಿದ್ದು ನಿಮ್ಮ ಯಜಮಾನ್ರು ಕಣಮ್ಮಾ," ಎಂದು ಹೇಳಿ, ಅದನ್ನು ಅವರ ಕೈಗೇ ವಾಪಸು ಕೊಟ್ಟು, ಪೂಜೆಯ ಹೂ ಮೇಜಿನ ಮೇಲಿಟ್ಟು, ಪಕ್ಕದ ಮನೆಗೆ ನಡೆದೆ.