ನಾನು ತಿಂದಿರಬಹುದಾದ ಕೇಕು

ಸ್ಟ್ರಾಬೆರಿ ಎಂಬ ಹಣ್ಣನ್ನು ನಾನು ತಿಂದಿದ್ದೇನೆಯೋ ಇಲ್ಲವೋ ಎಂಬುದು ನನಗೆ ಇಂದಿಗೂ ಖಚಿತವಿಲ್ಲ. ತಿಂದಿದ್ದೇನೆ ಎಂದು ಬಹಳ ಜನರ ಮುಂದೆ ಹೇಳಿದ್ದೇನೆ. ಅದರ ಕೆಂಪು, ಮೈಮೇಲಿನ ಎಳ್ಳಿನಂಥ ಬೀಜ, ತಲೆಯ ಮೇಲಿನ ಹಸಿರು ಟೊಪ್ಪಿಗೆ ಎಲ್ಲವನ್ನೂ ಬಣ್ಣಿಸಿದ್ದೇನೆ. ಆದರೆ ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ಜಾಮಿನ ಡಬ್ಬಿಯ ಮೇಲಿನ ಚಿತ್ರ ನೋಡಿದವನೂ ಇಷ್ಟನ್ನು ಹೇಳಬಲ್ಲ. ರುಚಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಮಾತ್ರ ನಾನು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ಅದನ್ನ ಹೇಳಾಕ ಬರೂದಿಲ್ಲರಿ, ತಿಂದೇ ನೋಡಬೇಕು" ಎನ್ನುತ್ತಿದ್ದೆ. ಕೇಳಿದವರು ನನ್ನ ಅನುಭವ ಬಹಳ ಆಳದ್ದು ಎಂದುಕೊಳ್ಳುತ್ತಿದ್ದರು.

ನಾನು ಹೈದರಾಬಾದಿನಲ್ಲಿ ಓದಿದವನು. ತರ್ಕಶಾಸ್ತ್ರವನ್ನು ಉರ್ದುವಿನಲ್ಲಿ ಕಲಿತು, ಕನ್ನಡದಲ್ಲಿ ಅನುಮಾನಪಟ್ಟು, ಪರೀಕ್ಷೆಯನ್ನು ಹೇಗೋ ಪಾಸು ಮಾಡಿದೆ. ನನ್ನ ಸಹಪಾಠಿಯೊಬ್ಬ ಸಿಕಂದರಾಬಾದಿನವನು. ಒಂದು ರವಿವಾರ ಅವನ ಮನೆಗೆ ಹೋದಾಗ ಅವನ ತಾಯಿ ಕೇಕು ಮಾಡಿದ್ದರು. ಕೆಳಗೆ ಬಿಸ್ಕತ್ತಿನ ಪುಡಿ, ನಡುವೆ ಕ್ರೀಮ್ ಚೀಸ್ ಎಂಬ ಬಿಳಿಯ ಮೆತ್ತನೆಯ ಪದರ, ಮೇಲೆ ಪುಣೆಯ ಕಡೆಯಿಂದ ರೈಲಿನಲ್ಲಿ ಬಂದ ಸ್ಟ್ರಾಬೆರಿ. ಆಕೆ ಅದನ್ನು ಮಾಡುವ ರೀತಿಯನ್ನೂ ಹೇಳಿ, ಕೊನೆಗೆ "ಬಹುತ್ ಆಸಾನ್ ಹೈ ಬೇಟಾ", ಬಹಳ ಸುಲಭ ಮಗಾ, ಎಂದರು. ಇಷ್ಟು ನೆನಪಿದೆ. ಇದಾದ ಮೇಲೆ ತಟ್ಟೆಯಲ್ಲಿ ಹಾಕಿಕೊಟ್ಟರೋ, ಅಥವಾ ಅದು ಬೇರೆ ಯಾರೋ ಅತಿಥಿಗಳಿಗೆಂದು ಮಾಡಿದ್ದಾದ್ದರಿಂದ ನಮಗೆ ಬರೀ ಚಹಾ ಸಿಕ್ಕಿತೋ, ಅಲ್ಲಿ ನೆನಪು ನಿಲ್ಲುತ್ತದೆ. ಕೆಲವು ಸಲ ಬಾಯಲ್ಲಿ ಹುಳಿ ಬರುತ್ತದೆ. ಕೆಲವು ಸಲ ಬರೀ ಚಹಾ ನೆನಪಾಗುತ್ತದೆ.

ಈ ಸಂದೇಹ ನನ್ನೊಳಗೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅದೇ ವಾರ ನಾನು ತಂಗಿ ನೀಲಾಳಿಗೆ ಪತ್ರ ಬರೆದಿದ್ದೆ. ಕೇಕನ್ನು ತಿಂದೆನೆಂದೇ ಬರೆದಿದ್ದೆ, ಎರಡು ಪುಟ.

ಮೂರು ವರ್ಷದ ಮೇಲೆ ನೀಲಾ ನಾರಾಯಣಖೇಡಿನ ತನ್ನ ಗಂಡನ ಮನೆಯಿಂದ ಜಹೀರಾಬಾದಿನ ನಮ್ಮ ಮನೆಗೆ ಬಂದಳು. ಚೊಚ್ಚಲ ಬಸುರಿ. ಐದು ತಿಂಗಳು ತುಂಬಿದರೂ ವಾಂತಿ ನಿಂತಿರಲಿಲ್ಲ. ಬಂಡಿಯಿಂದ ಇಳಿದವಳನ್ನು ನೋಡಿ ನಾನು ಯಾರೋ ಬೇರೆಯವರು ಬಂದರೆಂದುಕೊಂಡೆ. ಕೈಯ ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಒಂದು ತುತ್ತು ಉಂಡರೆ ಬಚ್ಚಲಿಗೆ ಓಡುವಳು. ನೀರು ಕುಡಿದರೂ ಅಷ್ಟೇ. ವೈದ್ಯರು ನಾಡಿ ಹಿಡಿದು, "ಇನ್ನೊಂದು ವಾರದಾಗ ಹೊಟ್ಯಾಗ ಏನರೆ ನಿಲ್ಲಬೇಕ್ರಿ. ಇಲ್ಲಾಂದ್ರ ತಾಯಿಗೂ ಕಷ್ಟ, ಕೂಸಿಗೂ ಕಷ್ಟ" ಎಂದು ಹೋದರು. ಅವರು ಹೋದ ಮೇಲೆ ಮನೆಯಲ್ಲಿ ಯಾರೂ ದೊಡ್ಡ ಧ್ವನಿಯಲ್ಲಿ ಮಾತಾಡಲಿಲ್ಲ.

ನಮ್ಮ ಮನೆಯ ಯಜಮಾನಿಕೆ ಅಜ್ಜಿಯದು. ನಾವು ಆಕೆಯನ್ನು ಆಯಿ ಎನ್ನುತ್ತಿದ್ದೆವು. ತಾಂಡೂರಿನ ಹೆಣ್ಣುಮಗಳು, ಆ ಊರಿನ ಹಾಸುಗಲ್ಲಿನಷ್ಟೇ ನುಣುಪು, ಅಷ್ಟೇ ಗಟ್ಟಿ. ಆಯಿಯ ಪ್ರಕಾರ ಇದು ರೋಗವಲ್ಲ, ತೀರದ ಬಯಕೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ನಾನು ನಕ್ಕೆ. ತಾಯಿಯ ನಾಲಗೆಗೂ ಕೂಸಿನ ಕಿವಿಗೂ ಕಾರ್ಯಕಾರಣ ಸಂಬಂಧವೇನು ಎಂದು ಕೇಳಿದೆ. ಆಯಿ ನೀಲಾಳ ಕಡೆ ತಿರುಗಿದಳು.

"ನೀಲಾ, ಏನ್ ತಿನ್ನಬೇಕು ಅನಸ್ತದ ಹೇಳವ್ವ. ಹೋಳಿಗಿ? ಕಡುಬು? ಬಾರಿಹಣ್ಣು?"

ನೀಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ತಿರುಗದೆಯೇ ಹೇಳಿದಳು: "ಅಣ್ಣ ಹೈದರಾಬಾದಿನಾಗ ತಿಂದಿದ್ದನಲ್ಲ, ಕೆಂಪು ಹಣ್ಣಿನ ಕೇಕು. ಅದು ಬೇಕು."

ಹಳೆಯ ಕಾಲದ ವೈದ್ಯರು ಬಸುರಿಯನ್ನು ಎರಡು ಹೃದಯದವಳು ಎಂದು ಕರೆಯುತ್ತಿದ್ದರಂತೆ. ಅವಳ ಆಸೆಯಲ್ಲಿ ಅರ್ಧ ಒಳಗಿನ ಕೂಸಿನದು ಎಂದು ಅವರ ಎಣಿಕೆ. ಕವಿಗಳು ಇನ್ನೂ ಮುಂದೆ ಹೋಗಿ ಗಿಡಮರಗಳಿಗೂ ಬಯಕೆ ಹಚ್ಚಿದರು. ಅಶೋಕದ ಮರಕ್ಕೆ ಚೆಲುವೆಯೊಬ್ಬಳು ಒದೆಯಬೇಕಂತೆ, ಆಗ ಅದು ಹೂ ಬಿಡುತ್ತದಂತೆ. ಓದುವಾಗ ಇದೆಲ್ಲ ಬಹಳ ಸೊಗಸು. ಆದರೆ ಮೂವರು ಹೆಂಗಸರು, ಅಂದರೆ ಆಯಿ, ಅವ್ವ, ಮತ್ತು ನಡುಗೋಡೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ನೆರೆಮನೆಯ ಮೆಹಬೂಬ್‌ಬಿ, ಒಟ್ಟಿಗೇ ನಮ್ಮ ಕಡೆ ತಿರುಗಿದರೆ ಅಶೋಕದ ಮರವೂ ಬೇರು ಕಿತ್ತು ಓಡಿಹೋಗುತ್ತದೆ.

"ಮಾಡೂ ರೀತಿ ನಿನಗ ಗೊತ್ತದ ಅಂತ ಪತ್ರದಾಗ ಬರದಿದ್ದಿ. ಬಹಳ ಸಸಾರ ಅಂತಲೂ ಬರದಿದ್ದಿ" ಎಂದಳು ಅವ್ವ. ಅವಳಿಗೆ ಓದಲು ಬರುತ್ತಿರಲಿಲ್ಲ. ನೀಲಾ ಓದಿ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಂಡಿದ್ದಳು. ಓದು ಬಾರದವರ ನೆನಪು ಓದಿದವರ ನೆನಪಿಗಿಂತ ಎಷ್ಟು ಗಟ್ಟಿ ಎಂಬುದು ಅವತ್ತು ನನಗೆ ಕಷ್ಟದಿಂದಲೇ ಅರ್ಥವಾಯಿತು.

ಮಾಡುವುದಾಗಿ ಒಪ್ಪಿಕೊಂಡೆ. ಮೊದಲ ಅಡ್ಡಿ ಮೊಟ್ಟೆ. ಆ ತಾಯಿ ಹೇಳಿದ್ದರಲ್ಲಿ ಎರಡು ಮೊಟ್ಟೆ ಇದ್ದವು. ನಮ್ಮದು ಲಿಂಗವಂತರ ಮನೆ. ಆ ಪದಾರ್ಥದ ಹೆಸರೂ ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಇಲ್ಲಿ ಮಾತ್ರ ನನ್ನ ದುರ್ಬಲ ನೆನಪು ಉಪಕಾರ ಮಾಡಿತು. ಮೊಟ್ಟೆಯನ್ನು ಪೂರ್ತಿ ಮರೆತೆ. ಬಿಸ್ಕತ್ತಿನ ಬದಲು ಅವ್ವ ಮಾದಲಿ ಮಾಡಿದಳು. ಗೋಧಿಯ ದಪ್ಪ ರೊಟ್ಟಿಯನ್ನು ಕುಟ್ಟಿ ಬೆಲ್ಲ ಕಲಸಿದರೆ ಆಯಿತು, ತುಪ್ಪ ಹಾಕಿ ಒತ್ತಿದರೆ ತಳ ನಿಂತಿತು. ಕ್ರೀಮ್ ಚೀಸಿನ ಬದಲು ಎಮ್ಮೆಯ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಬಸಿದು ಚಕ್ಕಾ ಮಾಡುವುದೆಂದು ತೀರ್ಮಾನಿಸಿದೆ. ಕೇಕು ಮಾಡುವ ಹಿಂದಿನ ದಿನ ಸಂಜೆಯೇ ಹಗ್ಗದ ಮೇಲೆ ಒಣಗಿದ್ದ ಬಿಳಿಯ ಮೆತ್ತನೆಯ ಬಟ್ಟೆಯೊಂದನ್ನು ತೆಗೆದುಕೊಂಡು ಮೊಸರು ಕಟ್ಟಿ ಕಂಬದ ಗೂಟಕ್ಕೆ ನೇತು ಹಾಕಿದೆ.

ಬೆಳಗಾಗುತ್ತಲೇ ಆಯಿಯ ಧ್ವನಿ ಕೇಳಿತು. ಅಂಥ ಧ್ವನಿ ಆಕೆಯಿಂದ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಯಾರು ಇದನ್ನ ತಗೊಂಡವರು?"

ನಮ್ಮಲ್ಲಿ ಕೂಸು ಹೊಟ್ಟೆಯಲ್ಲಿದ್ದಾಗಲೇ, ಎಂಟನೆಯ ತಿಂಗಳಲ್ಲಿ, ಅದಕ್ಕೆ ಲಿಂಗಧಾರಣೆ ಆಗುತ್ತದೆ. ಅಯ್ಯನವರು ಬಂದು ಕೂಸಿನ ಲಿಂಗವನ್ನು ತಾಯಿಯ ಮೈಮೇಲೆ ಕಟ್ಟುತ್ತಾರೆ. ಹುಟ್ಟಿದ ಮೇಲೆ ಅದು ಕೂಸಿನ ಕೊರಳಿಗೆ ಬರುತ್ತದೆ. ಆ ಲಿಂಗವನ್ನು ಸುತ್ತಿಡಲಿಕ್ಕೆಂದು ಆಯಿ ತನ್ನ ಕೈಯಿಂದ ನೂತ ನೂಲಿನ ಬಟ್ಟೆಯನ್ನು ಏಳು ಸಲ ಒಗೆದು ಒಣಹಾಕಿದ್ದಳು. ಅದರಲ್ಲಿ ಈಗ ಎರಡು ಸೇರು ಮೊಸರು ತೊಟ್ಟಿಕ್ಕುತ್ತಿತ್ತು.

"ಆಯಿ, ಗೊತ್ತಿರಲಿಲ್ಲ..."

"ಗೊತ್ತಿರೂದಿಲ್ಲ. ಅಷ್ಟು ದೂರ ಹೋಗಿ ಓದಿ ಬಂದಿದ್ದು ಗೊತ್ತಿಲ್ಲ ಅಂತ ಹೇಳಾಕೇನು?" ಎಂದು ಆಯಿ ಕಂಬದ ಪಕ್ಕದಲ್ಲಿ ಕೂತುಬಿಟ್ಟಳು. ಬೈದಿದ್ದರೆ ಸಹಿಸಬಹುದಿತ್ತು. ಆಕೆ ಬಟ್ಟೆಯನ್ನು ನೋಡುತ್ತ ಕೂತಳು, ಅಷ್ಟೇ. ಐದು ತಿಂಗಳಿಂದ ಆ ಕೂಸಿನ ಬಗ್ಗೆ ಆಕೆಗೆ ಎಷ್ಟು ಹೆದರಿಕೆಯಿತ್ತು ಎಂಬುದು ಆ ಕೂತ ರೀತಿಯಲ್ಲಿ ಕಂಡಿತು. ಅಪಶಕುನಗಳನ್ನು ನಂಬದ ನಾನೂ ಎರಡೂ ಕೈ ತೊಳೆದುಕೊಂಡು ಬಂದೇ ಆ ಗಂಟನ್ನು ಬಿಚ್ಚಿದೆ.

ಆದರೂ ಮೊಸರು ಬಸಿದಿತ್ತು, ಕೆಲಸ ಬಿಡುವಂತಿರಲಿಲ್ಲ. ಉಳಿದದ್ದು ಸ್ಟ್ರಾಬೆರಿ. ಜಹೀರಾಬಾದಿನ ಸಂತೆಯಲ್ಲಿ ಪೇರಲ ಇತ್ತು, ಶುಂಠಿ ಇತ್ತು, ಬಟಾಟೆ ಇತ್ತು. ಕೆಂಪಗೆ ಹುಳಿಯಾಗಿ ಕಂಡದ್ದು ಒಂದೇ, ಹಿತ್ತಲ ಬೇಲಿಯ ಪುಂಡಿಗಿಡದ ಕಾಯಿ. ಪುಂಡಿಸೊಪ್ಪಿನ ಪಲ್ಯ ನಮ್ಮ ನಿತ್ಯದ ಊಟ. ಅದರ ಕಾಯಿಯ ಸುತ್ತಲಿನ ಕೆಂಪು ದಳಗಳನ್ನು ಯಾರೂ ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಾನು ಅವನ್ನೇ ಬಿಡಿಸಿ ಬೆಲ್ಲದಲ್ಲಿ ಕುದಿಸಿದೆ. ರಕ್ತದಂಥ ಕೆಂಪು ಪಾಕ ಬಂತು. ಒಂದು ಬೆರಳು ನೆಕ್ಕಿ ನೋಡಿದಾಗ, ಇದೇ, ಇದೇ ಆ ರುಚಿ ಎನಿಸಿತು. ಆದರೆ ಯಾವ ರುಚಿ? ತಿಂದಿದ್ದೇನೋ ಇಲ್ಲವೋ ಗೊತ್ತಿಲ್ಲದ ಹಣ್ಣಿನ ರುಚಿಯನ್ನು ಗುರುತು ಹಿಡಿಯುವ ನಾಲಗೆಯನ್ನು ಯಾವ ತರ್ಕಶಾಸ್ತ್ರ ನಂಬೀತು?

ಬೇಯಿಸುವ ಉಪಾಯ ಹೇಳಿದವಳು ಮೆಹಬೂಬ್‌ಬಿ. ಮಾದಲಿಯ ಮೇಲೆ ಚಕ್ಕಾ ಹರಡಿದ ಪಾತ್ರೆಯನ್ನಿಟ್ಟು ನಾನು ಒಲೆಯನ್ನು ಉರಿಸಲು ಹೊರಟಿದ್ದನ್ನು ಕಂಡು ಗೋಡೆಯ ಮೇಲಿಂದ ಕೂಗಿದಳು: "ಅಯ್ಯೋ ಭೈಯಾ, ಉರಿ ನಕ್ಕೋ, ಉರಿ ಬ್ಯಾಡ! ಕೇಕ್ ಮಾಡ್ತೀರೋ, ಹೊಲ ಸುಡ್ತೀರೋ? ದಮ್ ಕೊಡ್ರಿ, ದಮ್. ಕೆಳಗ ನಾಕು ಕೆಂಡ, ಮುಚ್ಚಳದ ಮ್ಯಾಲ ಎಂಟು ಕೆಂಡ. ಮುಚ್ಚಳಕ್ಕ ಹಿಟ್ಟು ಮೆತ್ರಿ. ಆಮ್ಯಾಲ ಬಾಯಿ ಮುಚ್ಕೊಂಡು ಕೂಡ್ರಿ, ಜಲ್ದಿ ಜಲ್ದಿ ತೆಗದು ನೋಡಬ್ಯಾಡ್ರಿ."

ಬಿರಿಯಾನಿಯ ಜಾಣ್ಮೆಯಿಂದ ಕೇಕು ಬೆಂದಿತು. ಮುಚ್ಚಳ ತೆಗೆದಾಗ ನಡುವೆ ಸ್ವಲ್ಪ ತಗ್ಗು, ಒಂದು ಅಂಚು ಕಪ್ಪು. ತಗ್ಗಿಗೆ ಪುಂಡಿಯ ಪಾಕ ಸುರಿದೆ. ತಗ್ಗು ಇದ್ದದ್ದೇ ಅದಕ್ಕಾಗಿ ಎಂಬಂತೆ ಕಂಡಿತು. ಸುಲಭವೆಂದು ಹೇಳುವವರೆಲ್ಲ ಆ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದವರು ಎಂಬ ಸತ್ಯವನ್ನು ನಾನು ಅವತ್ತು, ಸುಟ್ಟ ಬೆರಳಿನೊಂದಿಗೆ, ಕಂಡುಕೊಂಡೆ.

ಆರಿದ ಮೇಲೆ ಒಂದು ಚೂರನ್ನು ನೀಲಾಳ ಮುಂದೆ ಇಟ್ಟೆ. ಅವಳು ಎದ್ದು ಕೂತಳು. ಕೇಕನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಹಸಿವಿರಲಿಲ್ಲ. ಏನೋ ಸಿಕ್ಕಿಬಿದ್ದವರ ಗಾಬರಿಯಿತ್ತು. ಅದರ ಅರ್ಥ ಆಗ ನನಗಾಗಲಿಲ್ಲ. ಚಮಚದ ತುದಿಯಷ್ಟು ಬಾಯಿಗಿಟ್ಟಳು.

"ಇದು ಪುಂಡಿ ಅದ" ಎಂದಳು.

ಅವಳು ಇನ್ನೊಂದು ಚಮಚ ತಿಂದಳು. ಮತ್ತೊಂದು. ಚೂರು ಮುಗಿಯಿತು. ಆಮೇಲೆ ನಾವೆಲ್ಲ ಕಾಯುತ್ತ ಕೂತೆವು. ಅವ್ವ ಬಚ್ಚಲಿನ ಬಾಗಿಲು ತೆರೆದಿಟ್ಟಳು. ಆಯಿ ಹಣೆಯ ವಿಭೂತಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಗೋಡೆಯ ಆಚೆ ಮೆಹಬೂಬ್‌ಬಿಯ ರೊಟ್ಟಿ ಬಡಿಯುವ ಸದ್ದೂ ನಿಂತಿತ್ತು. ನಾನು ಏನನ್ನೂ ಬೇಡಿಕೊಳ್ಳಲಿಲ್ಲ ಎಂದು ಹೇಳಬಯಸುತ್ತೇನೆ. ಆದರೆ ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಬಿಸಿಲು ಕಟ್ಟೆಯಿಂದ ಅಂಗಳಕ್ಕೆ ಇಳಿಯಿತು. ನೀಲಾ ಏಳಲಿಲ್ಲ.

"ಇನ್ನೊಂದು ಚೂರು ಅದ ಏನು?" ಎಂದಳು.

ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. "ನಿಂತದೇನ್ರಿ?" ಎಂದು ಗೋಡೆಯ ಆಚೆಯಿಂದ ಧ್ವನಿ ಬಂತು. "ನಿಂತದ!" ಎಂದು ನಾನು ಕೂಗಿದ ಕೂಗು ರೈಲು ಸ್ಟೇಷನ್ನಿನ ತನಕ ಕೇಳಿರಬೇಕು. ಆಯಿ ಎದ್ದು ಹೋಗಿ ಆ ಬಟ್ಟೆಯನ್ನು ತಾನೇ ಒಗೆದು, ಹಗ್ಗದ ಮೇಲೆ ಹರವಿದಳು. ನಾನು ಹತ್ತಿರ ಹೋಗಿ ನಿಂತೆ.

"ಬೇರೆ ಬಟ್ಟೆಗೆ ನೂಲಬೇಕೇನು, ಆಯಿ?"

"ಯಾಕ? ಕೂಸು ಮೊದಲ ಇದರಾಗಿಂದು ಉಂಡದ, ಆಮ್ಯಾಲ ಇದನ್ನೇ ಕಟ್ಟಿಕೊಂತದ. ಉಣ್ಣಿಸಿದ ಬಟ್ಟಿಗೆ ಮೈಲಿಗಿ ಎಲ್ಲಿದು?"

ಆಕೆಗೆ ಉರ್ದು ತರ್ಕಶಾಸ್ತ್ರ ಗೊತ್ತಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಆ ಮಧ್ಯಾಹ್ನವೇ ನಾನು ನೀಲಾಳ ಹತ್ತಿರ ಕೂತು ತಪ್ಪೊಪ್ಪಿಕೊಂಡೆ. ಆ ಕೇಕನ್ನು ತಿಂದೆನೋ ಬರೀ ನೋಡಿದೆನೋ ನನಗೆ ನಿಜವಾಗಿ ನೆನಪಿಲ್ಲ, ಪತ್ರದಲ್ಲಿ ಬರೆದದ್ದು ಸುಳ್ಳಿರಬಹುದು, ಅದನ್ನು ನಂಬಿ ನೀನು ಬಯಸಿದೆ ಎಂದೆ. ಅವಳು ಬಹಳ ದಿನಗಳ ಮೇಲೆ ನಕ್ಕಳು.

"ನಾ ಎಲ್ಲಿ ಬಯಸಿದ್ದೆ ಅಣ್ಣ? ಎಲ್ಲರೂ ಏನ್ ಬೇಕು, ಏನ್ ಬೇಕು ಅಂತಿದ್ರು. ಹೋಳಿಗಿ ಅಂದ್ರ ತಾಸಿನಾಗ ಹೋಳಿಗಿ ಬರ್ತದ, ಅದರ ವಾಸನಿಗೇ ಹೊಟ್ಟಿ ತೊಳಸ್ತದ. ಈ ಊರಾಗ ಸಿಗಲಾರದ್ದು ಒಂದು ಹೆಸರು ಹೇಳಿದ್ರ ಸುಮ್ಮನ ಬಿಡ್ತಾರ ಅಂತ ನಿನ್ನ ಕೇಕಿನ ಹೆಸರು ಹೇಳ್ದೆ. ನೀ ಮಾಡೇಬಿಡ್ತಿ ಅಂತ ಯಾರಿಗೆ ಗೊತ್ತಿತ್ತು?"

ಅಂದರೆ, ತಿಂದಿರದಿರಬಹುದಾದ ಕೇಕನ್ನು ನಾನು ನೆನೆದಿದ್ದೆ, ಬೇಕಿರದ ಕೇಕನ್ನು ಅವಳು ಬೇಡಿದ್ದಳು. ಇಷ್ಟರ ಮೇಲೆ ನಿಂತ ಕೇಕು ನಿಜವಾಗಿತ್ತು, ಅವಳ ಹೊಟ್ಟೆಯಲ್ಲಿ ನಿಂತಿತ್ತು. ಮರುದಿನ ಅವಳು ಪುಂಡಿಪಲ್ಯ ಕೇಳಿದಳು, ಅದರ ಮರುದಿನ ಜೋಳದ ರೊಟ್ಟಿ. ಬಳೆಗಳು ನಿಧಾನವಾಗಿ ಮಣಿಕಟ್ಟಿಗೆ ಇಳಿದವು. ವಾಂತಿ ತಾನಾಗಿಯೇ ನಿಲ್ಲುವ ಕಾಲ ಬಂದಿತ್ತು ಎಂದು ವೈದ್ಯರು ಹೇಳಿದರು. ಅವರ ಮಾತು ಸರಿಯಿರಬಹುದು. ನಾನು ವಾದಿಸಲಿಲ್ಲ.

ಹೆಣ್ಣುಕೂಸು ಹುಟ್ಟಿತು. ಬಯಕೆಗೂ ಕಿವಿಗೂ ಸಂಬಂಧವಿಲ್ಲವೆಂದು ನಾನು ಮೊದಲೇ ಹೇಳಿದ್ದೇನೆ, ಆ ಅಭಿಪ್ರಾಯವನ್ನು ಇಂದಿಗೂ ಬದಲಿಸಿಲ್ಲ. ಆದರೂ ಯಾರೂ ಇಲ್ಲದ ಹೊತ್ತು ನೋಡಿ, ತೊಟ್ಟಿಲಿಗೆ ಬಾಗಿ, ಮೂರು ತಿಂಗಳು ದಿನಾ ಬೆಳಿಗ್ಗೆ ಅದರ ಎರಡೂ ಕಿವಿಗಳನ್ನು ಬೆರಳಿಂದ ಮುಟ್ಟಿ ನೋಡಿದೆ. ಒಣಗಿಯೇ ಇದ್ದವು. ಈ ಒಂದು ಸಂಗತಿ ಮಾತ್ರ ನನಗೆ ಬಹಳ ಚೆನ್ನಾಗಿ ನೆನಪಿದೆ.