ಅಪ್ಪನ ಗುಲಾಬಿ ಅಂಕಣ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ತಾರಸಿಯಿಂದ ನೆನೆಸಿಟ್ಟ ಕಡಲೆಕಾಯಿ ಹಿಂಡಿಯ ಹುಳಿ ವಾಸನೆ ಬಂತು. ಜಯನಗರದ ನಮ್ಮ ಬಾಡಿಗೆ ಮನೆಯ ಹಿಂದೆಯೂ ಇದೇ ವಾಸನೆ ಇರುತ್ತಿತ್ತು. ಅಮ್ಮ ಅದನ್ನು ಗುಲಾಬಿ ಕುಂಡಗಳಿಗೆ ಹಾಕುತ್ತಿದ್ದಳು.

ಅಪ್ಪ ಒಂದು ವಾರಪತ್ರಿಕೆಗೆ ರಾಜಕೀಯ ಅಂಕಣ ಬರೆಯುತ್ತಿದ್ದರು. ಸಂಜೆ ತಿಲಕ್ ನಗರದ ಗುಡಿಸಲುಗಳ ನಡುವೆ ನಿಂತು, ಅಲ್ಲಿನವರ ಸಭೆಗಳಲ್ಲಿ ಮಾತಾಡುತ್ತಿದ್ದರು. ತುರ್ತು ಪರಿಸ್ಥಿತಿ ಬಂದಾಗ ಸಂಪಾದಕರು, ಅಂಕಣ ಉಳಿಯಬೇಕಾದರೆ ಬೇರೆ ಏನಾದರೂ ಬರೆಯಿರಿ ಎಂದರು. ಅಪ್ಪ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಅಮ್ಮನನ್ನು ಕೇಳಿದರು.

"ಗುಲಾಬಿ ಕೊಂಬೆ ಯಾವಾಗ ಕತ್ತರಿಸ್ಬೇಕು?"

"ಸರ್ಕಾರ ಬೀಳಿಸೋರಿಗೆ ಇದೂ ಗೊತ್ತಿಲ್ವಾ?" ಎನ್ನುತ್ತಲೇ ಅಮ್ಮ ಹೇಳಿಕೊಟ್ಟಳು. ಅಪ್ಪ ನಗದೆ ಬರೆದುಕೊಂಡರು.

ಜನ ಆ ಅಂಕಣವನ್ನು ಬಹಳ ಮೆಚ್ಚಿದರು. ದಾರಿಯಲ್ಲಿ ಅಪ್ಪನನ್ನು ನಿಲ್ಲಿಸಿ, "ಸಾರ್, ನಮ್ಮ ಗಿಡ ಮೊಗ್ಗೇ ಬಿಡ್ತಿಲ್ಲ" ಎನ್ನುತ್ತಿದ್ದರು.

ತುರ್ತು ಪರಿಸ್ಥಿತಿಯ ನಿರ್ಬಂಧ ಹೋದ ಮೇಲೆ ಅಪ್ಪ ಮತ್ತೆ ರಾಜಕೀಯ ಬರೆದು ಕಳಿಸಿದರು. ಸಂಪಾದಕರು ಆ ಲೇಖನ ಹಿಡಿದುಕೊಂಡು ಮನೆಗೇ ಬಂದರು. ಕಾಫಿ ಕುಡಿಯುತ್ತಾ, "ಓದುಗರಿಗೆ ಗುಲಾಬಿನೇ ಬೇಕಂತೆ. ರಾಜಕೀಯ ಬರೆಯೋಕೆ ಈಗ ಎಲ್ಲರೂ ಇದಾರೆ" ಎಂದರು.

"ಹಾಗಾದ್ರೆ ಗುಲಾಬಿನ ಬೇರೆಯವರ ಕೈಲಿ ಬರೆಸಿ ಸಾರ್" ಎಂದು ಅಪ್ಪ ಲೇಖನ ವಾಪಸು ತೆಗೆದುಕೊಂಡರು.

ಆಮೇಲೆ ಯಾವ ಪತ್ರಿಕೆಯಲ್ಲೂ ಅವರ ಅಂಕಣ ಬರಲಿಲ್ಲ. ಸಭೆಗಳಲ್ಲಿ ಮಾತ್ರ, ದನಿ ಇರುವವರೆಗೂ ಮಾತಾಡಿದರು.

ಹೋದ ತಿಂಗಳು ಅಪ್ಪ ತೀರಿಕೊಂಡರು. ಪದ್ಮನಾಭನಗರದಿಂದ ಬಂದಿದ್ದ ಹಿರಿಯರೊಬ್ಬರು, "ನಿಮ್ಮ ತಂದೆ ಗುಲಾಬಿ ಬಗ್ಗೆ ಬರೀತಿದ್ರಲ್ವಾ? ಸೊಗಸಾಗಿರ್ತಿತ್ತು" ಎಂದರು.

ಹೌದು ಎಂದೆ. ಅವರಿಗೊಂದು ಕುರ್ಚಿ ಹಾಕಿದೆ.