ಗುರುವಾರದ ಫಿಲ್ಮ್ ಡಬ್ಬಿ

ಕಳೆದ ಮೇ ತಿಂಗಳಲ್ಲಿ ಪ್ಲಮ್ ಕ್ರೀಕ್ ಕಾಲೇಜಿನವರು ಎಲ್ಡನ್ ವೋಂಡ್ರಾನಿಗೆ ನಿವೃತ್ತಿಯ ಊಟ ಹಾಕಿಸಿದರು. ವ್ಯಾಯಾಮಶಾಲೆಯ ತುಂಬ ಜನ. ಒಂಬತ್ತು ಮಂದಿ ಎದ್ದು ಭಾಷಣ ಮಾಡಿದರು, ಒಂಬತ್ತು ಮಂದಿಯೂ ಸುಳ್ಳು ಹೇಳಿದರು. ಎಲ್ಡನ್ ಹುಟ್ಟುವಾಗಲೇ ಫುಟ್‌ಬಾಲ್ ಕೋಚ್ ಆಗಿ ಹುಟ್ಟಿದ ಎಂದರು, ಗೆಲುವು ಅವನ ರಕ್ತದಲ್ಲೇ ಇತ್ತು ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು, ಒಣಗಿದ ಕೋಳಿ ತುಂಡನ್ನು ಕೊಯ್ಯುತ್ತ, ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಆದ್ದರಿಂದ ಈಗ ಹೇಳುತ್ತೇನೆ: ಆ ಮನುಷ್ಯ ಕೋಚ್ ಆದದ್ದು ಗೆದ್ದು ಅಲ್ಲ, ಸೋತು. ಅದೂ ನನ್ನ ಹೋಟೆಲಿನಲ್ಲಿ, ನನ್ನ ಕಣ್ಣೆದುರಿಗೆ.

ನನ್ನ ಹೆಸರು ಲವೋನ್. ನೆಬ್ರಾಸ್ಕಾದಲ್ಲಿ ಎರಡು ಹೆದ್ದಾರಿಗಳು ಕೂಡುವ ಬ್ರೆನ್ನನ್ ಕ್ರಾಸಿನಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವಳು. ಎಲ್ಡನ್ ಮೂವತ್ತೇಳು ವರ್ಷದಲ್ಲಿ ಐದು ಕಾಲೇಜು ಸುತ್ತಿದ. ವಯೋಮಿಂಗಿನಲ್ಲಿ ಒಂದೇ ಒಂದು ವರ್ಷ. ಅಲ್ಲಿ ಮುಖ್ಯ ಕೋಚಿನಿಂದ ಹಿಡಿದು ನೀರು ಕೊಡುವವನ ತನಕ ಎಲ್ಲರನ್ನೂ ಒಂದೇ ಬೆಳಿಗ್ಗೆ ಮನೆಗೆ ಕಳಿಸಿದರು. ಅವನ ಹೆಂಡತಿ ಪರದೆ ಹೊಲಿಯುವುದನ್ನೇ ಬಿಟ್ಟಳು. ಮುಂದಿನ ಮನೆಯ ಕಿಟಕಿ ಎಷ್ಟಗಲವೋ ಯಾರಿಗೆ ಗೊತ್ತು, ಹಳೆ ಬೆಡ್‌ಶೀಟೇ ಸಾಕು ಎನ್ನುತ್ತಿದ್ದಳು. ಕೊನೆಗೆ ಪ್ಲಮ್ ಕ್ರೀಕಿಗೇ ಮುಖ್ಯ ಕೋಚ್ ಆಗಿ ಬಂದು ಹತ್ತೊಂಬತ್ತು ವರ್ಷ ನಿಂತ. ಈ ಕಸುಬಿನಲ್ಲಿ ಯಾರೂ ಅರ್ಜಿ ಬರೆದು ಕೆಲಸ ಗಿಟ್ಟಿಸುವುದಿಲ್ಲ. ಒಬ್ಬ ಕೋಚ್ ಇನ್ನೊಬ್ಬ ಕೋಚಿಗೆ ‘ಇವನನ್ನ ತಗೋ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರು ಇಲ್ಲದಿದ್ದರೆ ಎಷ್ಟೇ ಬುದ್ಧಿವಂತನಾದರೂ ಅಂಗಿ ಒಗೆಯುತ್ತಲೇ ಮುದುಕನಾಗುತ್ತಾನೆ.

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಎಲ್ಡನ್ ಅಂಗಿ ಒಗೆಯುತ್ತಿದ್ದ. ಇಪ್ಪತ್ಮೂರು ವಯಸ್ಸು. ಪ್ಲಮ್ ಕ್ರೀಕಿಗೆ ನಾಲ್ಕು ವರ್ಷ ಆಡಿ ಎರಡೂ ಮೊಣಕಾಲು ಹಾಳುಮಾಡಿಕೊಂಡಿದ್ದ. ಅಲ್ಲಿನ ಮುಖ್ಯ ಕೋಚ್ ಓರಿನ್ ಸ್ಟಾಮ್ ಅವನನ್ನು ಕೆಳಗಿನವರಿಗಿಂತ ಕೆಳಗಿನ ಸಹಾಯಕನಾಗಿ ಇಟ್ಟುಕೊಂಡಿದ್ದ. ಮೂರು ಹೊತ್ತು ಊಟ, ಬಾಯ್ಲರ್ ಕೋಣೆಯ ಪಕ್ಕ ಒಂದು ಮಂಚ. ಎಲ್ಡನ್‌ನ ಅಪ್ಪ ಆಂಟನ್ ಹಂದಿ ಸಾಕುವ ರೈತ, ಮಾತು ಕಡಿಮೆ. ಆ ಶರತ್ಕಾಲದಲ್ಲಿ ಒಂದು ಮಾತು ಹೇಳಿದ: "ಕ್ರಿಸ್‌ಮಸ್‌ವರೆಗೂ ನೋಡ್ತೀನಿ. ಅಷ್ಟರಲ್ಲಿ ನಿಜವಾದ್ ಕೆಲ್ಸ ಸಿಕ್ರೆ ಸರಿ. ಇಲ್ಲಾಂದ್ರೆ ಮನೆಗ್ ಬಾ. ಹಂದಿಗಳ್ಗೂ ಒಬ್ಬ ಕೋಚ್ ಬೇಕು."

ಅದೇ ವರ್ಷ ಪ್ಲಮ್ ಕ್ರೀಕಿನ ಲೈನ್ ಕೋಚ್, ಅಂದರೆ ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಕೈಯಲ್ಲಿ ಹಿಡಿದು ಓಡುವವನಿಗೆ ದಾರಿ ಮಾಡಿಕೊಡುವ ಮುಂದಿನ ಸಾಲಿನ ದಢೂತಿಗಳನ್ನು ತಯಾರು ಮಾಡುವವನು, ಕೆಲಸ ಬಿಡುವವನಿದ್ದ. ಸ್ಟಾಮ್ ಎಲ್ಡನ್‌ಗೆ ಹೇಳಿದ್ದ: "ಸೀಸನ್ ಮುಗಿಯೋವರ್ಗೂ ಏನೂ ಕತ್ತೆ ಕೆಲ್ಸ ಮಾಡ್ದೆ ಇದ್ರೆ ಆ ಜಾಗ ನಿಂದು." ಎಲ್ಡನ್ ಇದನ್ನು ನನಗೆ ಎಂಟು ಸಲ ಹೇಳಿದ. ಎಂಟನೇ ಸಲ ನಾನು, "ನೋಡಪ್ಪಾ, ಕತ್ತೆ ಕೆಲ್ಸ ಮಾಡ್ದೆ ಇರೋದು ಅಂದ್ರೆ ನಿನ್ನ ವಯಸ್ಸಿಗೆ ಉಸಿರಾಡ್ದೆ ಇರೋ ಹಾಗೆ," ಎಂದೆ. ನನ್ನ ಬಾಯಿ ಕೆಟ್ಟದ್ದು.

ಆಗಿನ ಪದ್ಧತಿ ಹೀಗಿತ್ತು. ಆಟ ಶನಿವಾರ. ಮುಂದಿನ ಶನಿವಾರ ಯಾರ ಮೇಲೆ ಆಡಬೇಕೋ ಅವರಿಗೆ ನಿಮ್ಮ ಆಟದ ಫಿಲ್ಮ್ ಕೊಡಬೇಕು, ಅವರದನ್ನು ನೀವು ತಗೊಳ್ಳಬೇಕು. ಎಲ್ಲ ಕಾಲೇಜಿಗೂ ನನ್ನ ಹೋಟೆಲು ನಡುದಾರಿ. ಭಾನುವಾರ ಬೆಳಿಗ್ಗೆ ಎಂಟು ಕಾಲೇಜಿನ ಎಂಟು ಸಹಾಯಕರು ಕಣ್ಣು ಉಜ್ಜಿಕೊಳ್ಳುತ್ತ ಬಂದು ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ಮೊಟ್ಟೆ ಆಲೂಗಡ್ಡೆ ತಿಂದು, ಡಬ್ಬಿ ಅದಲುಬದಲು ಮಾಡಿಕೊಂಡು ಹೋಗುತ್ತಿದ್ದರು. ಅಲ್ಲಿ ಮುಚ್ಚಳ ತೆಗೆದು ನೋಡುವಂತಿಲ್ಲ. ನೋಡಿದರೆ ಎದುರಿಗೆ ಕೂತು ತಿಂದವನಿಗೆ ಅವಮಾನ.

ವರ್ಷದ ಕೊನೆಯ ಆಟ ಹಾಲ್ವರ್‌ಸನ್ ಕಾಲೇಜಿನ ಮೇಲೆ. ಪ್ಲಮ್ ಕ್ರೀಕಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಸ್ಟಾಮ್ ಆ ಆಟಕ್ಕೆಂದೇ ಹೊಸ ವರಸೆಗಳನ್ನು ಕಟ್ಟಿದ್ದ. ಅದರ ಹಿಂದಿನ ವಾರದ ಗುರುವಾರ ಗೇಟಿಗೆ ಬೀಗ ಹಾಕಿಸಿ ಗುಟ್ಟಾಗಿ ಅಭ್ಯಾಸ ಮಾಡಿಸಿ, ತಿದ್ದಿಕೊಳ್ಳಲು ಫಿಲ್ಮ್ ತೆಗೆಸಿದ. ಆ ಫಿಲ್ಮೂ ಅದೇ ವಾರ ಶನಿವಾರ ಬೇರೊಂದು ಕಾಲೇಜಿನ ಮೇಲೆ ಆಡಿದ ಮಾಮೂಲು ಆಟದ ಫಿಲ್ಮೂ ಒಟ್ಟಿಗೇ ಲ್ಯಾಬಿನಲ್ಲಿ ತೊಳೆದು ಬಂದವು. ಭಾನುವಾರ ಬೆಳಿಗ್ಗೆ ನನ್ನ ಹೋಟೆಲಿಗೆ ಹೊರಡುವ ಮೊದಲು ಎಲ್ಡನ್ ಗಾಡಿಯಲ್ಲಿ ಕೂತು, ಎಲ್ಲ ಸರಿಯಾಗಿದೆಯೋ ಇಲ್ಲವೋ ಎಂದು ಎರಡೂ ಡಬ್ಬಿ ತೆಗೆದು ನೋಡಿದ. ಯಾವ ದಿನದ್ದೆಂದು ಬರೆದಿದ್ದದ್ದು ಮುಚ್ಚಳದ ಮೇಲೆ ಮಾತ್ರ, ಮುಚ್ಚುವಾಗ ಇದರ ಮುಚ್ಚಳ ಅದಕ್ಕೆ, ಅದರ ಮುಚ್ಚಳ ಇದಕ್ಕೆ. ಜಾಗ್ರತೆ ಜಾಸ್ತಿಯಾದರೆ ಆಗುವುದೇ ಹೀಗೆ.

ಅವತ್ತು ಹಾಲ್ವರ್‌ಸನ್ ಕಡೆಯಿಂದ ಬಂದವನು ಗಸ್ ಟೀಲನ್. ಗಸ್‌ನ ಬಗ್ಗೆ ನನಗೆ ಆಗ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ತಿಂಗಳ ಹಿಂದೆ ತುಂಬಿದ ಹೋಟೆಲಿನಲ್ಲಿ, "ಲವೋನ್, ನಿನ್ನ ಚೆರಿ ಪೈ ಮೇಲ್ಪದರ ಬೂಟಿನ ಅಟ್ಟೆ ಥರಾ ಇದೆ," ಎಂದಿದ್ದ. ಹೇಗಿದೆ ಎಂದು ನಾನೇ ಕೇಳಿದ್ದಕ್ಕೆ ಹೇಳಿದ, ನಿಜ. ಹಾಗಂತ ಹೇಳುವುದೇ? ಮೂರು ಭಾನುವಾರ ಅವನಿಗೆ ತಣ್ಣಗಿನ ಕಾಫಿಯನ್ನೇ ಕೊಟ್ಟೆ. ಎಲ್ಡನ್ ಅವನ ಕೈಗೆ ಡಬ್ಬಿ ಕೊಟ್ಟ, ಅವನದನ್ನು ತಗೊಂಡ, ಇಬ್ಬರೂ ಹೋದರು.

ಮಧ್ಯಾಹ್ನ ಪ್ಲಮ್ ಕ್ರೀಕಿನಲ್ಲಿ ಪರದೆ ಎಳೆದು, ಗುರುವಾರದ ಅಭ್ಯಾಸ ನೋಡೋಣವೆಂದು ಸ್ಟಾಮ್ ಯಂತ್ರ ಹಾಕಿಸಿದ. ಗೋಡೆಯ ಮೇಲೆ ಬಂದದ್ದು ಶನಿವಾರದ ಆಟ.

"ಗುರುವಾರದ್ದೆಲ್ಲಿ?" ಎಂದ ಸ್ಟಾಮ್.

"ಹಾಲ್ವರ್‌ಸನ್‌ನಲ್ಲಿದೆ, ಕೋಚ್," ಎಂದ ಎಲ್ಡನ್.

ಆಮೇಲೆ ಸ್ಟಾಮ್ ಆಡಿದ ಮಾತುಗಳನ್ನು ನನಗೆ ಎಲ್ಡನ್ ಹೇಳಲಿಲ್ಲ. ಚರ್ಚಿಗೆ ಹೋಗುವ ಮನೆಯ ಹುಡುಗ.

ಸೋಮವಾರ ಬೆಳಿಗ್ಗೆ ಗಸ್ ನನ್ನ ಹೋಟೆಲಿಗೆ ಬಂದ, ಕಂಕುಳಲ್ಲಿ ಡಬ್ಬಿ. ಸುತ್ತಲೂ ಮೂರು ಸುತ್ತು ಬಿಳಿ ಅಂಟುಪಟ್ಟಿ ಬಿಗಿದಿತ್ತು, ಆಟಗಾರರ ಕಣಕಾಲಿಗೆ ಸುತ್ತುವ ಪಟ್ಟಿ. ನಾನು ಪ್ಲಮ್ ಕ್ರೀಕಿಗೆ ಫೋನ್ ಮಾಡಿದೆ. ಎಲ್ಡನ್ ಶನಿವಾರದ ಡಬ್ಬಿ ಹಿಡಿದುಕೊಂಡು ಹಾರಿಕೊಂಡು ಬಂದ. ಮುಖ ಬಿಳಿಚಿತ್ತು.

"ಶುರುವಿನಲ್ಲಿ ಒಬ್ಬ ಹುಡ್ಗ ‘ಅಭ್ಯಾಸ, ಗುರುವಾರ’ ಅಂತ ಬೋರ್ಡ್ ಹಿಡ್ಕೊಂಡು ನಿಂತಿದ್ದ," ಎಂದ ಗಸ್. "ಲಿಂಡಾಲ್ ಅಲ್ಲಿಗೇ ಯಂತ್ರ ನಿಲ್ಸಿಬಿಟ್ರು. ನಮ್ಮಲ್ಲೊಬ್ಬ ‘ಒಂಚೂರು ನೋಡೋಣ ಕೋಚ್’ ಅಂದ. ಅವನನ್ನ ಹೆಲ್ಮೆಟ್ ಎಣಿಸೋಕೆ ಕಳ್ಸಿದ್ರು. ಇನ್ನೂ ಎಣಿಸ್ತಾ ಇರ್ಬೇಕು."

ರೋಲಿ ಲಿಂಡಾಲ್ ಎಂದರೆ ಹಾಲ್ವರ್‌ಸನ್‌ನ ಮುಖ್ಯ ಕೋಚ್. ಗಸ್ ಹೋದ ಮೇಲೆ ನಾನು, "ನಂಬ್ತೀಯಾ ಇದನ್ನ?" ಎಂದು ಕೇಳಿದೆ.

"ನಿಮ್ಮ ಪೈ ಬಗ್ಗೆ ನಿಮ್ಮ ಮುಖಕ್ಕೇ ಹೇಳ್ದವ್ನು, ಲವೋನ್," ಎಂದ ಎಲ್ಡನ್. "ಅವನ ಬಾಯಲ್ಲಿ ಸುಳ್ಳು ಬರೋ ಹಾಗಿದ್ರೆ ಅವತ್ತೇ ಬರ್ತಿತ್ತು."

ಸಿಟ್ಟು ಬಂತು. ಆದರೂ ದಾರಿಗಿರಲೆಂದು ಅವನಿಗೆ ಬಿಸಿ ಕಾಫಿ ಸುರಿದುಕೊಟ್ಟೆ.

ಎಲ್ಡನ್ ಡಬ್ಬಿ ತಗೊಂಡು ಹೋಗಿ ಸ್ಟಾಮ್‌ಗೂ ಅದನ್ನೇ ಹೇಳಿದ: ಅವರು ನೋಡಿಲ್ಲ, ವರಸೆ ಬದಲಾಯಿಸಬೇಡಿ. ಸ್ಟಾಮ್ ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದ. "ಪೂರ್ತಿ ನೋಡಿ ಆಮೇಲ್ ಪಟ್ಟಿ ಸುತ್ತಿದಾನೆ. ನನಗ್ಗೊತ್ತಿಲ್ವಾ? ಎಲ್ಲಾ ಬದಲಾಯ್ಸ್ತೀನಿ."

"ನಾಲ್ಕ್ ದಿನದಲ್ಲಿ ಹುಡುಗ್ರು ಹೊಸದು ಕಲಿಯಲ್ಲ, ಕೋಚ್. ಲಿಂಡಾಲ್ ಮಾತು ನಂಬಿ."

"ಡಬ್ಬಿ ಕಳೆದವ್ನು ನನಗ್ ಬುದ್ಧಿ ಹೇಳ್ತೀಯಾ? ಇನ್ನೊಂದ್ ಮಾತಾಡಿದ್ರೆ ಆ ಜಾಗ ಮರ್ತ್‌ಬಿಡು. ಇವತ್ತೇ ಹಂದಿ ಮೇಯ್ಸೋಕೆ ಹೋಗು."

ಎಲ್ಡನ್ ಇನ್ನೊಂದು ಮಾತು ಆಡಿಯೇಬಿಟ್ಟ. "ಅವರು ನೋಡಿಲ್ಲ, ಕೋಚ್."

ಇಷ್ಟನ್ನೂ ಎಲ್ಡನ್ ಆಮೇಲೆ ನನಗೆ ಹೇಳಿದ. ಕೇಳುವಾಗ ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ನನ್ನ ಮಗನಾಗಿದ್ದರೆ ತಲೆಗೊಂದು ಮೊಟಕಿ ಆಮೇಲೆ ಅಪ್ಪಿಕೊಳ್ಳುತ್ತಿದ್ದೆ. ಇರುವುದೊಂದು ಕೆಲಸದ ಆಸೆ, ಅದನ್ನು ಎದುರಾಳಿಯ ಮಾತಿಗಾಗಿ ಕೈಯಾರೆ ಚೆಲ್ಲಿದ್ದ. ಅಂಗಿ ಒಗೆಯಲು ಬೇರೆ ಯಾರೂ ಇಲ್ಲವೆಂದು ಸ್ಟಾಮ್ ಶನಿವಾರದ ಆಟದ ತನಕ ಅವನನ್ನು ಇಟ್ಟುಕೊಂಡ, ಹಟ ಮಾತ್ರ ಬಿಡಲಿಲ್ಲ. ತಾನು ಕಳ್ಳ, ಪರರ ನಂಬ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಶುರುವಾಯಿತು.

ಶನಿವಾರ ನಾನು ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡಿದ್ದೆ. ಪ್ಲಮ್ ಕ್ರೀಕಿನ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಒಬ್ಬ ತನ್ನ ಪಕ್ಷದವನನ್ನೇ ಕೆಡವಿದ. ಚೆಂಡು ಯಾರ ಕೈಯಲ್ಲಿದೆಯೆಂದು ರೇಡಿಯೋದವನಿಗೂ ಗೊತ್ತಿರಲಿಲ್ಲ, ಹುಡುಗರಿಗೂ ಗೊತ್ತಿರಲಿಲ್ಲ. ಹಾಲ್ವರ್‌ಸನ್‌ಗೆ ಇಪ್ಪತ್ತೆಂಟು, ಪ್ಲಮ್ ಕ್ರೀಕಿಗೆ ಸೊನ್ನೆ. ಆಟ ಮುಗಿಯಲು ಮೂರು ನಿಮಿಷ ಇರುವಾಗ, ಹೇಗೂ ಕೆಟ್ಟಿತಲ್ಲ ಎಂದು ಸ್ಟಾಮ್ ಗುರುವಾರದ ವರಸೆಗಳಲ್ಲಿ ಒಂದನ್ನು ಆಡಿಸಿದ. ಚೆಂಡು ಹಿಡಿದ ಹುಡುಗ ಅರವತ್ತು ಗಜ ಓಡಿದ. ಒಬ್ಬನೂ ಅವನನ್ನು ಮುಟ್ಟಲಿಲ್ಲ. ಹಾಲ್ವರ್‌ಸನ್‌ನವರು ಜನ್ಮದಲ್ಲಿ ಕಂಡಿರದ್ದನ್ನು ಕಂಡವರ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿದ್ದರಂತೆ.

ಆಗ ಸ್ಟಾಮ್ ತಿರುಗಿ ಎಲ್ಡನ್‌ನನ್ನು ನೋಡಿದ. ಎಲ್ಡನ್ ಹುಲ್ಲು ನೋಡಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುದಿನ ಭಾನುವಾರ. ಸೀಸನ್ ಮುಗಿದಿತ್ತು, ಫಿಲ್ಮ್ ತರುವವರು ಯಾರೂ ಇಲ್ಲ. ಹತ್ತು ಗಂಟೆಗೆ ಪ್ಲಮ್ ಕ್ರೀಕಿನ ಗಾಡಿ ಬಂದು ನಿಂತಿತು. ಸ್ಟಾಮ್ ಒಬ್ಬನೇ ಇಳಿದ. ಎಲ್ಡನ್ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ, ಹಿಂದಿನ ಸೀಟಿನಲ್ಲಿ ಅವನ ಬಟ್ಟೆಯ ಚೀಲ. ಬೆಳಿಗ್ಗೆ ಸ್ಟಾಮ್ ‘ಬಟ್ಟೆ ಕಟ್ಕೊ, ಗಾಡಿ ತೆಗಿ’ ಎಂದಷ್ಟೇ ಹೇಳಿದ್ದನಂತೆ. ಆಂಟನ್ ವೋಂಡ್ರಾನ ಹೊಲವೂ ಇದೇ ರಸ್ತೆಯಲ್ಲಿ. ಇನ್ನೇನು ಉಳಿದಿದೆ ಊಹಿಸಲು?

ಸ್ಟಾಮ್ ಫೋನ್ ಮಾಡಿ ಕರೆದಿದ್ದನಂತೆ, ಐದು ನಿಮಿಷಕ್ಕೆ ಲಿಂಡಾಲ್ ಬಂದ, ಚರ್ಚಿನ ಕೋಟು ಹಾಕಿಕೊಂಡು, ಬಾಗಿಲಿಗೆ ತಲೆ ಬಗ್ಗಿಸಿ. ಇಪ್ಪತ್ತು ವರ್ಷದ ಎದುರಾಳಿಗಳು ಎದುರುಬದುರು ಕೂತರು. ನಾನು ಕಾಫಿ ಸುರಿದು, ಪಕ್ಕದ ಒರೆಸಿದ್ದ ಮೇಜನ್ನೇ ಮತ್ತೆ ಒರೆಸಲು ನಿಂತೆ. ನಾಚಿಕೆಯೇನಿಲ್ಲ, ನನ್ನ ಹೋಟೆಲು.

"ನೀನು ನೋಡ್ಲಿಲ್ಲ," ಎಂದ ಸ್ಟಾಮ್.

"ಬೋರ್ಡ್ ನೋಡ್ದೆ. ಅಷ್ಟೆ."

"ನಾನಾಗಿದ್ರೆ ಪೂರ್ತಿ ನೋಡ್ತಿದ್ದೆ."

"ಗೊತ್ತು. ಇಪ್ಪತ್ ವರ್ಷದಿಂದ ನಿನ್ಮೇಲೆ ಆಡ್ತಿಲ್ವಾ?"

ಸ್ಟಾಮ್ ಸಕ್ಕರೆ ಹಾಕದ ಕಾಫಿಯನ್ನು ಬಹಳ ಹೊತ್ತು ಕಲಕಿದ. "ಹೊರಗ್ ಗಾಡೀಲಿ ಒಬ್ಬ ಕೂತಿದಾನಲ್ಲ..."

"ಡಬ್ಬಿ ತಪ್ಪು ಕೊಟ್ಟವ್ನಾ?"

"ಅವ್ನೇ. ಲಿಂಡಾಲ್ ಮಾತು ನಂಬಿ ಅಂತ ನನ್ನೆದುರು ನಿಂತು ಹೇಳ್ದ. ಜಾಗ ಹೋಗುತ್ತೆ ಅಂದೆ, ಆಮೇಲೂ ಹೇಳ್ದ. ಎಷ್ಟ್ ಜನ ಸಹಾಯಕರನ್ನ ಇಟ್ಕೊಂಡಿದೀನಿ, ಒಬ್ನೂ ಹಂಗೆ ನಿಂತಿಲ್ಲ. ತಗೋ ಅವನನ್ನ."

"ಅಷ್ಟು ಒಳ್ಳೆಯವ್ನಾದ್ರೆ ನೀನೇ ಇಟ್ಕೊಳಯ್ಯಾ. ನಿನ್ನಲ್ಲೂ ಜಾಗ ಖಾಲಿ ಇದ್ಯಲ್ಲ."

"ಇಟ್ಕೋಬೋದು," ಎಂದ ಸ್ಟಾಮ್. "ಇಟ್ಕೊಂಡ್ರೆ ಹತ್ ವರ್ಷಕ್ಕೆ ನನ್ನ ಥರಾನೇ ಆಗ್ತಾನೆ."

ನಾನು ಒರೆಸುವುದನ್ನು ನಿಲ್ಲಿಸಿಬಿಟ್ಟೆ. ಓರಿನ್ ಸ್ಟಾಮ್‌ನ ಬಾಯಲ್ಲಿ ಇಂಥ ಮಾತು ಬರುತ್ತದೆಂದು ಬೈಬಲ್ ಮುಟ್ಟಿ ಹೇಳಿದ್ದರೂ ನಂಬುತ್ತಿರಲಿಲ್ಲ. ಆ ಮುದುಕನನ್ನು ನಾನು ಅದುವರೆಗೆ ಬೈದದ್ದಕ್ಕೆಲ್ಲ ನನಗೇ ಬೇಸರವಾಯಿತು.

ಲಿಂಡಾಲ್ ಕಿಟಕಿಯಾಚೆ ನೋಡಿದ. "ಮಾರ್ಚಲ್ಲಿ ಅಭ್ಯಾಸ ಶುರು. ನನ್ನ ಲೈನ್ ಅವನಿಗೇ ಕೊಡ್ತೀನಿ. ಚಳೀಲಿ ಯಾಕಯ್ಯಾ ಕೂರ್ಸಿದೀಯ? ಲವೋನ್, ಕರೀರಿ ಅವನನ್ನ."

ನಾನು ಬಾಗಿಲು ತೆಗೆದು ಕೂಗಿದೆ. ಎಲ್ಡನ್ ಕುಂಟುತ್ತ ಬಂದ, ಟೋಪಿ ತೆಗೆದು ಇಬ್ಬರೆದುರು ನಿಂತ. ಇಬ್ಬರೂ ಸೇರಿ ಬೈಯಲು ಕರೆಸಿದ್ದಾರೆಂದೇ ತಿಳಿದಿದ್ದ. ಯಾರೂ ಏನೂ ಕೇಳುವ ಮೊದಲೇ, "ಮುಚ್ಚಳ ಅದಲುಬದಲು ಮಾಡಿದ್ದು ನಾನೇ. ಗಸ್‌ದಾಗಲೀ ಲ್ಯಾಬಿನವರದಾಗಲೀ ತಪ್ಪಿಲ್ಲ," ಎಂದ.

ಲಿಂಡಾಲ್ ಸ್ಟಾಮ್‌ನ ಮುಖ ನೋಡಿದ. "ಇವ್ನೇನಾ?"

"ಇವ್ನೇ," ಎಂದ ಸ್ಟಾಮ್. ಬೆಂಚಿನ ಮೇಲೆ ಕಿಟಕಿಯ ಕಡೆಗೆ ಸರಿದು ಪಕ್ಕದಲ್ಲಿ ಜಾಗ ಮಾಡಿದ. "ಕೂತ್ಕೊಳ್ಳಿ, ಕೋಚ್."

ಯಾರನ್ನು ಕರೆದರೋ ಎಂದು ಎಲ್ಡನ್ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ನಾನೊಬ್ಬಳೇ ನಿಂತಿದ್ದೆ.